ಬ್ರಹ್ಮಕಮಲಕ್ಕೆ ಇಪ್ಪತ್ತು ಸೆಕೆಂಡು ಸಾಲದು

ಬ್ರಹ್ಮಕಮಲ ಅರಳುವುದನ್ನು ಟೈಮ್‌ಲ್ಯಾಪ್ಸ್‌ನಲ್ಲಿ ಹಿಡಿಯುವ ಚಟ ನಮ್ಮವರಲ್ಲಿ ವಿಪರೀತವಾಗಿದೆ. ಅಡ್ಯಾರಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬೆಳಗಾದರೆ ಒಂದು ವಿಡಿಯೊ ಬಂದು ಬೀಳುತ್ತದೆ. ಇಪ್ಪತ್ತೇ ಸೆಕೆಂಡು. ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿಹ್ನೆ. ಹೂ ಅರಳಿದ್ದು ಎದುರು ಮನೆಯಲ್ಲಿ, ನಮಗೆ ಗೊತ್ತಾದದ್ದು ಅದು ಬಾಡಿದ ಮೇಲೆ. ನನ್ನ ತಕರಾರು ಇರುವುದು ಇಲ್ಲಿ.

ತಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್ 1900ರ ಆಸುಪಾಸಿನಲ್ಲೇ ಗಿಡಗಳ ಚಲನೆಯನ್ನು ಹೀಗೆ ಚಿತ್ರೀಕರಿಸಿ ಅಭ್ಯಾಸ ಮಾಡಿದ್ದರು. 1910ರಲ್ಲಿ ಇಂಗ್ಲೆಂಡಿನ ಪರ್ಸಿ ಸ್ಮಿತ್ ‘ದ ಬರ್ತ್ ಆಫ್ ಎ ಫ್ಲವರ್’ ಮಾಡಿ ಹೂ ಅರಳುವುದನ್ನು ಪರದೆಗೆ ತಂದರು. ಬರಿಗಣ್ಣಿಗೆ ನಿಲುಕದ್ದನ್ನು ಕಾಣಿಸುವುದು ಈ ವಿದ್ಯೆಯ ಕೆಲಸ. ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ತೋಟದಲ್ಲಿ ಪ್ರಸಿದ್ಧವಾದ ದೊಡ್ಡಾಲವಿದೆ. 1989ರಲ್ಲಿ ಬಿರುಗಾಳಿಗೆ ಅದರ ಮೂಲ ಕಾಂಡ ಉರುಳಿತು, ಮರ ಬಿಳಲುಗಳ ಆಸರೆಯಲ್ಲಿ ಉಳಿಯಿತು. ಒಂದು ಬಿಳಲು ನೆಲ ಮುಟ್ಟಿ ಕಾಂಡವಾಗುವುದನ್ನು ಕೂತು ನೋಡಲು ಯಾರಿಂದಲೂ ಆಗದು. ಅದನ್ನು ವರ್ಷಗಟ್ಟಲೆ ಚಿತ್ರೀಕರಿಸಿ, ಮೊದಲು ನೋಡುವವನು ನಾನೇ.

ಬ್ರಹ್ಮಕಮಲ ಹಾಗಲ್ಲ. ದೀಪ ಹಚ್ಚುವ ಹೊತ್ತಿನ ಮೇಲೆ ಬಿಚ್ಚತೊಡಗಿ ನಡುರಾತ್ರಿಯ ಹೊತ್ತಿಗೆ ಪೂರ್ತಿ ಅರಳುತ್ತದೆ, ಬೆಳಗಿನೊಳಗೆ ಜೋತುಬೀಳುತ್ತದೆ. ಒಂದು ಊಟ, ಒಂದಿಷ್ಟು ಹರಟೆಯಷ್ಟು ಹೊತ್ತು. ಮನುಷ್ಯರ ತಾಳ್ಮೆಗೆ ಅಳತೆ ಮಾಡಿದಂತಿರುವ ಹೂವಿದು.

ಆ ವಿಡಿಯೊ ಹೇಗೆ ತಯಾರಾಗುತ್ತದೆ ನೋಡಿ. ಸಂಜೆ ಏಳರಿಂದ ಹನ್ನೆರಡರವರೆಗೆ ಐದು ಗಂಟೆ. 30 ಸೆಕೆಂಡಿಗೊಂದರಂತೆ 600 ಚಿತ್ರ, ಸೆಕೆಂಡಿಗೆ 30ರಂತೆ ಓಡಿಸಿದರೆ 20 ಸೆಕೆಂಡು. ಕಡಲ ಗಾಳಿಗೆ ಹೂ ಅಲುಗಬಾರದೆಂದು ಕುಂಡವನ್ನು ಬಾಲ್ಕನಿಯಿಂದ ಒಳಗೆ ತಂದು ಕಿಟಕಿ ಮುಚ್ಚುತ್ತಾರೆ, ಚೆನ್ನೈನ ಸೆಕೆಯಲ್ಲೂ ಫ್ಯಾನ್ ಆರಿಸುತ್ತಾರೆ. ನೆರಳು ಬಿದ್ದರೆ ಚಿತ್ರ ಕೆಡುತ್ತದೆಂದು ಮಕ್ಕಳನ್ನೂ ಹತ್ತಿರ ಬಿಡುವುದಿಲ್ಲ. ಕೊನೆಗೆ ಹೂ ಅರಳುವ ಕೋಣೆಯಲ್ಲಿ ಉಳಿಯುವುದು ಫೋನ್ ಒಂದೇ. ಅದಕ್ಕೆ ಮೂಗಿಲ್ಲ.

ಊರಿನ ರೀತಿ ಇದಕ್ಕೆ ತಿರುಗುಮುರುಗು. ಮೊಗ್ಗು ಉಬ್ಬಿ ಕತ್ತೆತ್ತಿದ್ದು ಕಂಡರೆ ‘ರಾತ್ರಿ ಬನ್ನಿ’ ಎಂದು ಅಕ್ಕಪಕ್ಕಕ್ಕೆ ಹೇಳಿಕಳಿಸುತ್ತಾರೆ. ಆರತಿ ಮಾಡುವವರು ಮಾಡುತ್ತಾರೆ, ಉಳಿದವರು ಕೂತು ನೋಡುತ್ತಾರೆ. ಹೋಗುವಾಗ ಒಂದು ಎಲೆ ಕೇಳಿ ಒಯ್ಯುತ್ತಾರೆ. ಹಾಗೆ ಎಲೆ ನೆಟ್ಟೇ ಈ ಗಿಡ ಮನೆಯಿಂದ ಮನೆಗೆ ಹಬ್ಬಿದ್ದು. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ಆದರೂ ವಲಸೆ ಬಂದ ಈ ಕಳ್ಳಿಯ ಜಾತಿಯ ಗಿಡಕ್ಕೆ ನಾವು ದೇವರ ಹೆಸರಿಟ್ಟೆವು, ತಮಿಳರೂ ಅದೇ ಹೆಸರಿನಿಂದ ಕರೆಯುತ್ತಾರೆ. ಅಂಥ ಗಿಡದ ಎಲೆಯನ್ನು ಪೇಪರಿನಲ್ಲಿ ಸುತ್ತಿ ಊರಿಂದ ತಂದ ನಾವು, ಎದುರು ಮನೆಯವರ ಹೆಸರು ಕೇಳದೆ ವರ್ಷಗಳನ್ನು ಕಳೆಯುತ್ತೇವೆ.

ಆಫೀಸು, ಟೈಮಿಲ್ಲ ಎನ್ನುತ್ತೀರಿ. ಆರ್‌ಸಿಬಿ ಚೆಪಾಕಿಗೆ ಆಡಲು ಬಂದಾಗ ನಾಲ್ಕು ಗಂಟೆ ಎಲ್ಲಿಂದ ಬರುತ್ತದೆ? ಆಗ ಹೈಲೈಟ್ಸ್ ಸಾಕು ಎಂದವರು ಯಾರಾದರೂ ಇದ್ದೀರಾ?

ಊರಲ್ಲಿರುವ ಅಮ್ಮನಿಗೆ ತೋರಿಸಬೇಡವೇ ಎನ್ನುವುದು ಇದಕ್ಕಿಂತ ಗಟ್ಟಿಯಾದ ಮಾತು. ತೋರಿಸಿ. ವಿಡಿಯೊ ಕಾಲ್ ಮಾಡಿ ಫೋನನ್ನು ಹೂವಿನ ಮುಂದಿಡಿ. ಅಮ್ಮ ನಿಮ್ಮ ಜೊತೆ ಕಾಯುತ್ತಾರೆ, ನಡುವೆ ಗೊಬ್ಬರ ಏನು ಹಾಕಿದೆ, ಊಟ ಆಯಿತಾ ಎಂದು ಕೇಳುತ್ತಾರೆ. ಇಪ್ಪತ್ತು ಸೆಕೆಂಡಿನ ವಿಡಿಯೊಗೆ ಅವರು ‘ಚೆನ್ನಾಗಿದೆ’ ಎನ್ನಬಹುದು, ಅಷ್ಟೆ.

ಮುಂದಿನ ಮೊಗ್ಗು ಕತ್ತೆತ್ತಿದ ದಿನ ಗುಂಪಿಗೆ ಒಂದು ಸಾಲು ಹಾಕಿ: ಇವತ್ತು ರಾತ್ರಿ ಹೂ ಅರಳುತ್ತದೆ, ಒಂಬತ್ತರ ಮೇಲೆ ಬನ್ನಿ. ತಮಿಳು ಬಾರದಿದ್ದರೆ ‘ವಾಂಗ’ ಎಂದರೆ ಸಾಕು. ಕುರ್ಚಿ ಸಾಲದಿದ್ದರೆ ನಮ್ಮ ಮನೆಯಿಂದ ತರುತ್ತೇನೆ.