ಸಣ್ಣ ರಿವಾಲ್ವರ್, ಸಣ್ಣದಲ್ಲದ ಕಾನೂನು

ಕಾಸರಗೋಡಿನ ಅಡಕೆ ತೋಟಗಳ ನಡುವಿನ ಮನೆಗಳಿಗೆ ಕೋವಿ ಹೊಸತಲ್ಲ. ಕಾಡುಹಂದಿಯ ಕಾಟದಿಂದ ಬೆಳೆ ಉಳಿಸಿಕೊಳ್ಳಲು ಅಜ್ಜನ ಹೆಸರಿನಲ್ಲಿ ಪಡೆದ ಪರವಾನಗಿ, ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಒಪ್ಪಿಸಿ ರಶೀದಿ ಪಡೆಯುವ ಕ್ರಮ, ಇವೆಲ್ಲ ಮನೆಮಂದಿಗೆ ತಿಳಿದದ್ದೇ. ಇಲ್ಲಿ ಕೋವಿ ಕೃಷಿಕನ ಸಲಕರಣೆ, ವಿನೋದದ ವಸ್ತುವಲ್ಲ. ಆದರೆ ಅದೇ ಮನೆಯ ಮೊಮ್ಮಗ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ತೆರಳಿದಾಗ, ಸಹಪಾಠಿಗಳು ಭಾನುವಾರದ ಬಿಡುವಿನಲ್ಲಿ ಅವನನ್ನು ಗುರಿಯಭ್ಯಾಸದ ಕೇಂದ್ರಕ್ಕೆ ಕರೆದೊಯ್ಯುವುದುಂಟು. ಪುಟ್ಟ ರಿವಾಲ್ವರ್ ಹಿಡಿದು ನಿಂತ ಅವನ ಚಿತ್ರ ಸಂಜೆಯೊಳಗೆ ಮನೆಯವರ ವಾಟ್ಸಾಪ್‌ಗೆ ಬರುತ್ತದೆ. ಅಜ್ಜ ಹೆಮ್ಮೆಪಡುತ್ತಾರೆ, ತಾಯಿ ಗಾಬರಿಗೊಳ್ಳುತ್ತಾಳೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಆ ಕೈಗೆ ಅದನ್ನು ಹಿಡಿಯುವ ಹಕ್ಕಿದೆಯೇ?

ಖಾಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಹೊಡೆದುರುಳಿಸುವುದು ಅಮೆರಿಕದ ಹಳ್ಳಿಗಾಡಿನ ಹಳೆಯ ವಿನೋದ. ತಗಡಿಗೆ ಗುಂಡು ತಾಗಿದಾಗ ಹೊರಡುವ ಸದ್ದಿನಿಂದಲೇ ಅದಕ್ಕೆ ‘ಪ್ಲಿಂಕಿಂಗ್’ ಎಂಬ ಹೆಸರು. ಕೊಡಗಿನ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಕಂಡವರಿಗೆ ಈ ಸಂತೋಷ ಅರ್ಥವಾದೀತು. ಅಮೆರಿಕದವರು ಇದಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವುದು .22 ಕ್ಯಾಲಿಬರಿನ ಆಯುಧವನ್ನು. ಇಂಚಿನ ನೂರು ಭಾಗಗಳಲ್ಲಿ 22, ಅಂದರೆ ಸುಮಾರು 5.6 ಮಿಲಿಮೀಟರ್, ಅದರ ಅಳತೆ. ಸ್ಮಿತ್ ಆ್ಯಂಡ್ ವೆಸನ್ ಸಂಸ್ಥೆ 1857ರಲ್ಲಿ ಹೊರತಂದ ಮೊದಲ ರಿವಾಲ್ವರ್ ಈ ಅಳತೆಯದೇ. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ಕಾಡತೂಸು 1887ರದು. ಕಾಡತೂಸಿನ ಬೆಲೆ ಕಡಿಮೆ, ಸದ್ದು ಕಡಿಮೆ, ಕೈಗೆ ಬೀಳುವ ಹಿನ್ನೂಕು ಅತ್ಯಲ್ಪ. ಹೊಸಬರು ಬೆದರಿ ಕಣ್ಣು ಮುಚ್ಚದೆ ಗುರಿಯನ್ನೇ ನೋಡಲು ಸಾಧ್ಯವಾಗುವುದು ಇದರಿಂದ.

ಇಂಥ ರಿವಾಲ್ವರನ್ನು ಆರಿಸುವಾಗ ಬಲ್ಲವರು ಮೊದಲು ನೋಡುವುದು ಟ್ರಿಗರಿನ ಬಗೆಯನ್ನು. ‘ಸಿಂಗಲ್ ಆ್ಯಕ್ಷನ್’ ಬಗೆಯಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆಯಬೇಕು. ಗುಂಡುಗಳನ್ನು ಪಕ್ಕದ ಕಿಂಡಿಯಿಂದ ಒಂದೊಂದಾಗಿ ತುಂಬಬೇಕು. 1953ರಿಂದ ಬಂದಿರುವ ರೂಗರ್ ಸಂಸ್ಥೆಯ ‘ಸಿಂಗಲ್ ಸಿಕ್ಸ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಈ ನಿಧಾನಗತಿಯೇ ಕಲಿಯುವವನಿಗೆ ಗುರು. ‘ಡಬಲ್ ಆ್ಯಕ್ಷನ್’ ಬಗೆಯಲ್ಲಿ ಟ್ರಿಗರ್ ಒಂದೇ ಎಲ್ಲ ಕೆಲಸವನ್ನೂ ಮಾಡುತ್ತದೆಯಾದರೂ ಅದರ ಎಳೆತ ಉದ್ದ ಮತ್ತು ಬಿರುಸು. ಹೊಸಬನ ಗುರಿ ಅದರಲ್ಲೇ ಕದಲುತ್ತದೆ. ಎರಡನೆಯದು ನಳಿಗೆಯ ಉದ್ದ. ನಾಲ್ಕರಿಂದ ಆರು ಇಂಚಿನ ನಳಿಗೆಯಲ್ಲಿ ಗುರಿ ಹಿಡಿಯುವುದು ಸುಲಭ; ಎರಡು ಇಂಚಿನದು ಜೇಬಿಗೆ ಒಗ್ಗುತ್ತದೆಯೇ ಹೊರತು ಕಣ್ಣಿಗಲ್ಲ. ಮೂರನೆಯದು ತೂಕ. ತುಸು ಭಾರವಾದ ಉಕ್ಕಿನ ರಿವಾಲ್ವರ್ ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಹಳೆಯದನ್ನು ಕೊಳ್ಳುವವರು ಇನ್ನೊಂದನ್ನೂ ವಿಚಾರಿಸುತ್ತಾರೆ. ಕೆಳಗೆ ಬಿದ್ದರೂ ಗುಂಡು ಹಾರದಂತೆ ತಡೆಯುವ ‘ಟ್ರಾನ್ಸ್‌ಫರ್ ಬಾರ್’ ವ್ಯವಸ್ಥೆಯನ್ನು ರೂಗರ್ ಅಳವಡಿಸಿದ್ದು 1973ರಲ್ಲಿ. ಅದಕ್ಕೂ ಹಿಂದಿನವುಗಳಲ್ಲಿ ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಡುವುದು ಜಾಣರ ರೂಢಿ.

‘ಸಣ್ಣ’ ಎಂಬ ಮಾತು ಇಲ್ಲಿಂದಲೇ ಮೋಸಮಾಡಲು ತೊಡಗುತ್ತದೆ. ಈ ಸಣ್ಣ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲುದು. ನೀರಿಗೋ ಬಂಡೆಗೋ ತಾಗಿದರೆ ಬೇರೆಡೆಗೆ ಚಿಮ್ಮಬಲ್ಲುದು. ಡಬ್ಬಿಯ ಹಿಂದೆ ಮಣ್ಣಿನ ದಿಬ್ಬವಿರಬೇಕು, ಕಣ್ಣು ಕಿವಿಗಳಿಗೆ ರಕ್ಷಣೆ ಬೇಕು. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಸೀಸದ ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿಗೆ ಹಚ್ಚಬಾರದು.

ಕಾನೂನಿನ ಕಣ್ಣಿಗಂತೂ ಅಳತೆಯ ಭೇದವೇ ಇಲ್ಲ. ಅಮೆರಿಕದ ಫೆಡರಲ್ ಕಾನೂನಿನ 18ನೆಯ ಶೀರ್ಷಿಕೆಯ 922(ಜಿ)(5) ಕಲಂ ಎರಡು ವರ್ಗದ ವಿದೇಶೀಯರಿಗೆ ಬಂದೂಕನ್ನೂ ಮದ್ದುಗುಂಡನ್ನೂ ನಿಷೇಧಿಸಿದೆ: ಅಕ್ರಮವಾಗಿ ನೆಲೆಸಿದವರಿಗೆ ಮತ್ತು ವಲಸೆಯೇತರ ವೀಸಾದಲ್ಲಿ ಬಂದವರಿಗೆ. ವಿದ್ಯಾರ್ಥಿಯ ಎಫ್-1, ಉದ್ಯೋಗಿಯ ಎಚ್-1ಬಿ, ಅವನ ಪತ್ನಿಯ ಎಚ್-4, ಬಾಣಂತನಕ್ಕೆ ಹೋದ ತಾಯಿಯ ಬಿ-2, ಇವೆಲ್ಲವೂ ವಲಸೆಯೇತರ ವೀಸಾಗಳೇ. ಗ್ರೀನ್ ಕಾರ್ಡ್ ಪಡೆದವರು ಈ ನಿಷೇಧಕ್ಕೆ ಒಳಪಡುವುದಿಲ್ಲ. ವೀಸಾದವರಿಗೂ ವಿನಾಯಿತಿಗಳುಂಟು, ಅಲ್ಲಿನ ಯಾವುದಾದರೂ ರಾಜ್ಯವು ಕ್ರಮಬದ್ಧವಾಗಿ ಕೊಟ್ಟ, ಅವಧಿ ಮೀರದ ಬೇಟೆಯ ಪರವಾನಗಿ ಅವುಗಳಲ್ಲಿ ಮುಖ್ಯವಾದುದು. ನಿಷೇಧವನ್ನು ಮೀರಿದರೆ, 2022ರ ತಿದ್ದುಪಡಿಯ ಬಳಿಕ, 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸ್ವಂತಕ್ಕೆ ಕೊಂಡರಷ್ಟೇ ಅಪರಾಧ, ಬಾಡಿಗೆಗೆ ಪಡೆದು ನಾಲ್ಕು ಗುಂಡು ಹೊಡೆದರೆ ಅಲ್ಲ ಎಂಬ ತಿಳಿವಳಿಕೆ ತಪ್ಪು.

ಹಮೀದ್ ರೆಹೈಫ್ ಎಂಬವನ ಮೊಕದ್ದಮೆ ಇದಕ್ಕೆ ಸಾಕ್ಷಿ. ವಿದ್ಯಾರ್ಥಿ ವೀಸಾದಲ್ಲಿ ಹೋಗಿದ್ದ ಅವನನ್ನು ಅಂಕಗಳು ಕಡಿಮೆಯಾದ ಕಾರಣ ವಿಶ್ವವಿದ್ಯಾಲಯ ಕೈಬಿಟ್ಟಿತು. ಬೇರೆಡೆ ಸೇರದಿದ್ದರೆ ಅಥವಾ ದೇಶ ಬಿಡದಿದ್ದರೆ ವಲಸೆ ಸ್ಥಾನಮಾನ ಕೊನೆಗೊಳ್ಳುವುದೆಂದೂ ತಿಳಿಸಿತು. ಅವನು ಅಲ್ಲಿಯೇ ಉಳಿದ. ಗುರಿಯಭ್ಯಾಸದ ಕೇಂದ್ರಕ್ಕೆ ಹೋಗಿ ಎರಡು ಬಂದೂಕುಗಳಿಂದ ಗುಂಡು ಹೊಡೆದ. ಯಾರಿಗೂ ಗಾಯವಾಗಲಿಲ್ಲ, ಆದರೂ ಅವನಿಗೆ 18 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. 2019ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಿಂದ ಅವನ ಪರವಾಗಿ ತೀರ್ಪಿತ್ತಿತು. ಬಂದೂಕು ಹಿಡಿದದ್ದನ್ನು ರುಜುವಾತುಪಡಿಸಿದರೆ ಸಾಲದು, ತಾನು ನಿಷೇಧಿತ ವರ್ಗಕ್ಕೆ ಸೇರಿದವನೆಂದು ಅವನು ಅರಿತಿದ್ದನೆಂಬುದನ್ನೂ ಸರಕಾರ ರುಜುವಾತುಪಡಿಸಬೇಕು ಎಂಬುದು ಅದರ ಸಾರ. ಆ ತೀರ್ಪನ್ನು ನೆಮ್ಮಿ ಕೂರುವಂತಿಲ್ಲ. ಸರಕಾರ ತೋರಿಸಬೇಕಾದ್ದು ಆರೋಪಿಗೆ ತನ್ನ ಸ್ಥಾನಮಾನದ ಅರಿವಿತ್ತೆಂಬುದನ್ನು. ಕಲಮಿನ ಅರಿವು ಇರಲಿಲ್ಲವೆಂಬುದು ರಕ್ಷಣೆಯಾಗದು. ತನ್ನ ಪಾಸ್‌ಪೋರ್ಟಿನಲ್ಲಿರುವ ವೀಸಾ ಯಾವುದೆಂದು ತಿಳಿಯದವರು ಯಾರಿದ್ದಾರೆ?

ಊರಿನಲ್ಲಿರುವವರಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನೋದಕ್ಕಾಗಿ ರಿವಾಲ್ವರ್ ಪಡೆಯುವ ಹಕ್ಕು ಎಂಬುದಿಲ್ಲ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿಯಭ್ಯಾಸಕ್ಕಾಗಿ .22 ರೈಫಲ್ ಅಥವಾ ಏರ್ ರೈಫಲಿನ ಪರವಾನಗಿಯ ಮಾತು 13ನೆಯ ಕಲಮಿನಲ್ಲಿದೆ. 21 ತುಂಬದವರಿಗೆ ಬಂದೂಕು ನಿಷಿದ್ಧ. ನಿಯಮಬದ್ಧ ತರಬೇತಿಗೆ ಮಾತ್ರ ದಾರಿಯುಂಟು. ಪರವಾನಗಿಯಿಲ್ಲದೆ ಬಂದೂಕು ಹೊಂದಿದರೆ ಎರಡರಿಂದ ಐದು ವರ್ಷ ಸೆರೆವಾಸ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ, ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಗೆದ್ದ ಎರಡು ಕಂಚಿನ ಪದಕಗಳನ್ನು ಕಂಡು ಶಾಲೆಯ ಮಕ್ಕಳಿಗೆ ಆಸೆ ಹುಟ್ಟಿದ್ದರೆ ಅದು ತಪ್ಪಲ್ಲ. ಮಾನ್ಯತೆ ಪಡೆದ ಕ್ಲಬ್ಬು, ತರಬೇತುದಾರರು, ಏರ್ ಪಿಸ್ತೂಲು, ಇದು ಆ ಆಸೆಯ ಸರಿಯಾದ ದಾರಿ. ಅಜ್ಜನ ಕೋವಿಯನ್ನು ಮೊಮ್ಮಗನ ಕೈಗಿತ್ತು ‘ಒಂದು ಈಡು ಹೊಡೆ’ ಎನ್ನುವುದು ದಾರಿಯಲ್ಲ. ಪರವಾನಗಿ ಅಜ್ಜನದು, ಮನೆಯದಲ್ಲ. ಅಜ್ಜ ತೀರಿಕೊಂಡರೆ ಕೋವಿಯನ್ನು ಅಟ್ಟದಲ್ಲಿಡುವಂತಿಲ್ಲ; ತಡಮಾಡದೆ ಠಾಣೆಯಲ್ಲೋ ಪರವಾನಗಿ ಹೊಂದಿದ ವ್ಯಾಪಾರಿಯಲ್ಲೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು.

ವಿದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಗೆ ಉಪ್ಪಿನಕಾಯಿ, ಹಪ್ಪಳಗಳನ್ನು ತುಂಬುವ ಹೊತ್ತಿನಲ್ಲಿ ಈ ಒಂದು ಮಾತನ್ನೂ ಹೇಳಿ ಕಳುಹಿಸುವುದು ಒಳಿತು: ಗೆಳೆಯರು ಕರೆದರೆ ಡಬ್ಬಿ ಉರುಳುವುದನ್ನು ದೂರ ನಿಂತು ನೋಡಿ ಬಾ, ವೀಸಾ ಅನುಮತಿಸುವವರೆಗೆ ಕೈ ಮಾತ್ರ ಜೇಬಿನಲ್ಲಿರಲಿ.