ಪ್ಲೇಟ್ ತೆಗೆದರೆ ಸಾಲದು

ಹಳೆಯ ಮಹೀಂದ್ರ ಜೀಪ್ ಪಿಕಪ್‌ನ ಮುಂಭಾಗ ತಗ್ಗಿಸಲು ಕಮಾನಿನ ಎರಡು ಪ್ಲೇಟ್ ತೆಗೆದು ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಸಾಕೆಂಬ ವಾದ ಅರ್ಧಸತ್ಯ. ಅಲೈನ್‌ಮೆಂಟ್ ಅಳೆಯುವುದು ನಿಂತ ಗಾಡಿಯನ್ನು. ದೋಷ ಹೊರಬೀಳುವುದು ಹಂಪ್ ಹತ್ತಿದಾಗ. ಚಾಸಿ ಇಳಿದರೆ ಸ್ಟೀರಿಂಗ್ ಬಾಕ್ಸ್‌ ಕಡೆಯಿಂದ ಬರುವ ಡ್ರ್ಯಾಗ್ ಲಿಂಕ್‌ನ ಕೋನ ಬದಲಾಗುತ್ತದೆ. ಆಮೇಲೆ ಆಕ್ಸಲ್ ಮೇಲೆದ್ದಾಗಲೆಲ್ಲ ಲಿಂಕ್ ಒಂದು ಕಂಸದಲ್ಲಿ, ಕಮಾನು ಇನ್ನೊಂದರಲ್ಲಿ ಚಲಿಸಿ, ಕೈ ಅಲುಗಿಸದಿದ್ದರೂ ಚಕ್ರ ತಿರುಗುತ್ತದೆ. ಪ್ಲೇಟ್ ಕಳೆದುಕೊಂಡ ಕಮಾನು ಮೆತ್ತಗಾಗುವುದರಿಂದ ಬ್ರೇಕ್ ಒತ್ತಿದರೆ ಆಕ್ಸಲ್ ಹೊರಳಿ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂದುಮುಂದಿನ ಓರೆ) ಕೂಡ ಕೆಡುತ್ತದೆ.

ನಿಧಾನವಾಗಿ ಓಡಿಸುವ ಷೋಕಿ ಗಾಡಿಗೆ ಇಷ್ಟೆಲ್ಲ ಏಕೆ ಎನ್ನಬಹುದು. ರಾಜಾಜಿನಗರದ ಒಳರಸ್ತೆಯಲ್ಲಿ ಸರಿ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ? ತಗ್ಗಿಸಲೇಬೇಕೆಂದರೆ ಅದೇ ಭಾರ ಹೊರುವ, ಬಾಗು ಕಡಿಮೆಯಿರುವ ಕಮಾನು ಕಟ್ಟಿಸಿ, ಓರೆ ಶಿಮ್ ಇಟ್ಟು ಕ್ಯಾಸ್ಟರ್ ಸರಿಪಡಿಸಿ, ಡ್ರ್ಯಾಗ್ ಲಿಂಕನ್ನು ಮೊದಲಿನ ಕೋನಕ್ಕೆ ತರಬೇಕು. ಅಷ್ಟು ಖರ್ಚಿಗೆ ಮನಸ್ಸಿಲ್ಲದವರು ಗಾಡಿಯನ್ನು ಇದ್ದ ಎತ್ತರದಲ್ಲೇ ಬಿಡಲಿ.