ಪೆಟ್ರೋಲ್ ಲೈನಿಗೆ ತೇಪೆ ಹಾಕ್ಬೇಡಿ ಮಾರಾಯ್ರೆ

1/7
ಈ ಥರದ ರೀಲ್ ನೀವೂ ನೋಡಿರ್ತೀರಿ. ಹಳೆ ಕಾರಿನ ಅಡಿಯಲ್ಲಿ ತುಕ್ಕು ಹಿಡಿದ ಪೆಟ್ರೋಲ್ ಪೈಪ್. ಸೋರುವ ಜಾಗ ಕತ್ತರಿಸಿ, ಎರಡು ತುದಿಗೆ ರಬ್ಬರ್ ಹೋಸ್ ತುರುಕಿ, ಎರಡು ಕ್ಲಿಪ್ ಬಿಗಿದು, "ನೂರು ರೂಪಾಯಲ್ಲಿ ಕೆಲಸ ಮುಗೀತು" ಅಂತ ಹೇಳ್ತಾರೆ. ಕೆಳಗೆ ಕಮೆಂಟಲ್ಲಿ ಸಾಲಾಗಿ ಬೆಂಕಿ ಇಮೋಜಿ. ಹಾಕಿದವರಿಗೆ ಅದರ ಅರ್ಥ ಗೊತ್ತಿಲ್ಲ ಅಂತ ಕಾಣ್ತದೆ.

ನಾನು ಹೇಳುವುದು ಇಷ್ಟೇ. ಮನೆಯಲ್ಲೇ ರಿಪೇರಿ ಮಾಡಿ, ನನ್ನ ತಕರಾರಿಲ್ಲ. ಆದ್ರೆ ತುಕ್ಕು ಹಿಡಿದ ಲೈನನ್ನು ಪೂರ್ತಿ ಬದಲಾಯಿಸಿ. ಅದು ನಿಮ್ಮಿಂದ ಆಗುವುದಿಲ್ಲ ಅಂತಾದ್ರೆ ಮುಟ್ಟಲೇ ಬೇಡಿ. ನಡುವೆ ಮೂರನೇ ದಾರಿ ಇಲ್ಲ.

2/7
ಯಾಕೆ ಪೂರ್ತಿ? ಟ್ಯಾಂಕ್ ಹಿಂದೆ, ಎಂಜಿನ್ ಮುಂದೆ. ನಡುವೆ ಕಾರಿನ ಅಡಿಯಲ್ಲಿ ಉದ್ದಕ್ಕೂ ಉಕ್ಕಿನ ಪೈಪ್ ಹೋಗ್ತದೆ. ಅದನ್ನು ಅಲ್ಲಲ್ಲಿ ಕ್ಲಿಪ್ ಹಿಡಿದಿರ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಚಕ್ರ ಎರಚುವ ಕೆಸರು, ಎಲ್ಲ ಹೋಗಿ ಕೂರುವುದು ಆ ಕ್ಲಿಪ್ಪಿನ ಸಂದಿಯಲ್ಲಿ. ಹೊರಗೆ ಒಣಗಿದ್ರೂ ಒಳಗೆ ಹಸಿ ಇರ್ತದೆ. ಕಣ್ಣಿಗೆ ಕಾಣದ ಜಾಗದಲ್ಲೇ ತುಕ್ಕು ಶುರುವಾಗ್ತದೆ.

ಅಂದ್ರೆ ನೀವು ನೋಡಿದ ಸೋರಿಕೆ ಮೊದಲನೆಯದ್ದು, ಕೊನೆಯದ್ದಲ್ಲ. ಅದೇ ಪೈಪ್, ಅದೇ ವಯಸ್ಸು, ಅದೇ ಮಳೆ. ಒಂದು ಕಡೆ ತೂತಾಗಿದ್ರೆ ಉಳಿದ ಕಡೆ ಸರದಿಯಲ್ಲಿ ಕಾಯ್ತಾ ಉಂಟು. ಇನ್ನೊಂದು ಮಾತು, ಬ್ರೇಕ್ ಪೈಪ್ ಕೂಡ ಹೆಚ್ಚಾಗಿ ಇದರ ಪಕ್ಕದಲ್ಲೇ ಹೋಗ್ತದೆ. ಅದನ್ನೂ ಅವತ್ತೇ ನೋಡಿ.

3/7
"ಅಪ್ಪನ ಕಾಲದಲ್ಲಿ ಹೀಗೇ ಮಾಡ್ತಿದ್ರು, ಎಂತ ಆಗ್ಲಿಲ್ಲ" ಅಂತ ಯಾರಾದ್ರೂ ಹೇಳ್ತಾರೆ. ಅವರಿಗೆ ಉತ್ತರ ಕೊಡ್ಲಿಕ್ಕೆ ಒಂದು ಲೆಕ್ಕ ಗೊತ್ತಿರಲಿ.

1983ರಲ್ಲಿ ಬಂದ ಮಾರುತಿ 800ಕ್ಕೆ ಕಾರ್ಬುರೇಟರ್ ಇತ್ತು. ಅದರ ಲೈನಿನಲ್ಲಿ ಒತ್ತಡ ತೀರಾ ಕಡಿಮೆ. 2014ರಲ್ಲಿ ಅದೇ ಕಾರಿನ ಉತ್ಪಾದನೆ ನಿಂತಾಗ ಇದ್ದದ್ದು ಎಂಪಿಎಫ್‌ಐ. ಇಂಥ ಕಾರುಗಳಲ್ಲಿ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರ್ತದೆ, ಒತ್ತಡ ಸುಮಾರು 3 ಬಾರ್, ಅಂದ್ರೆ 40 ಪಿಎಸ್‌ಐ ದಾಟ್ತದೆ. ನಿಮ್ಮ ಕಾರಿನ ಟೈರಿಗೆ ಹಾಕುವುದು 30ರ ಆಸುಪಾಸು. ಟೈರಿಗಿಂತ ಹೆಚ್ಚಿನ ಒತ್ತಡದ ಪೈಪಿಗೆ ರಬ್ಬರ್ ತುಂಡು ಸಿಕ್ಕಿಸಿ ಮೇಲೆ ಮನೆಯವರನ್ನು ಕೂರಿಸ್ತೀರಾ? ಕಾರ್ಬುರೇಟರ್ ಕಾಲದಲ್ಲಿ ತೊಟ್ಟಿಕ್ಕುತ್ತಿದ್ದದ್ದು ಈಗ ಚಿಮ್ಮುತ್ತದೆ. ಅಡಿಯಲ್ಲೇ ಕಾದ ಸೈಲೆನ್ಸರ್ ಪೈಪ್ ಬೇರೆ ಉಂಟು.

4/7
ಇನ್ನು ನಮ್ಮ ಊರಿನ ಮದ್ದುಗಳು.

ಸೋಪ್: ಟ್ಯಾಂಕ್ ಸೋರಿದ್ರೆ ಬಾರ್ ಸೋಪ್ ಉಜ್ಜುವುದು ಎಲ್ಲರಿಗೂ ಗೊತ್ತು. ಪೆಟ್ರೋಲಿಗೆ ಸೋಪ್ ಕರಗುವುದಿಲ್ಲ, ನಿಜ. ಮಳೆ ನೀರಿಗೆ ಕರಗ್ತದಲ್ಲ!
ಎಂ-ಸೀಲ್: ಪೆಟ್ರೋಲ್ ಪಸೆ, ತುಕ್ಕಿನ ಪುಡಿ ಇರುವ ಪೈಪಿಗೆ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಅದುರಿ ಬಿಡ್ತದೆ.
ಫ್ರಿಜ್ ರಿಪೇರಿಯವರ ತಾಮ್ರದ ಪೈಪ್: ಬಗ್ಗಿಸ್ಲಿಕ್ಕೆ ಸುಲಭ ಅಂತ ಹಾಕ್ತಾರೆ. ಎಂಜಿನ್ ಅದುರಿದಷ್ಟೂ ತಾಮ್ರ ಗಟ್ಟಿಯಾಗ್ತಾ ಹೋಗಿ ಒಂದಿನ ಬಿರುಕು ಬಿಡ್ತದೆ.
ರಬ್ಬರ್ ತುಂಡು: ಕತ್ತರಿಸಿದ ಪೈಪಿನ ತುದಿ ನುಣ್ಣಗಿರ್ತದೆ. ಹೋಸ್ ಹಿಡಿದು ನಿಲ್ಲಲು ತುದಿಯಲ್ಲಿ ಉಬ್ಬು ಬೇಕು. ಅದಿಲ್ಲದಿದ್ರೆ ಕ್ಲಿಪ್ ಎಷ್ಟು ಬಿಗಿದ್ರೂ ಒತ್ತಡಕ್ಕೆ ಜಾರ್ತದೆ. ಜಾಸ್ತಿ ಬಿಗಿದ್ರೆ ಕ್ಲಿಪ್ಪೇ ರಬ್ಬರನ್ನು ಕೊಯ್ತದೆ.

5/7
ಹಾಗಾದ್ರೆ ಸರಿಯಾಗಿ ಮಾಡುವುದು ಹೇಗೆ?

ಜಾಗ: ಬಯಲು. ಶೆಡ್ ಬೇಡ, ಗುಂಡಿ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೋಗಿ ಗುಂಡಿಯಲ್ಲಿ ತುಂಬ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಕಿಡಿ ತಾಗಿದ್ರೆ ಹೊತ್ತಿಕೊಳ್ಳುವ ವಸ್ತು ಅದು, ನಮ್ಮ ಸೆಕೆಗೆ ಕೇಳ್ಬೇಕಾ?
ಕಾರು ಎತ್ತುವುದು: ಜಾಕ್ ಮಾತ್ರ ಸಾಲದು, ಜಾಕ್ ಸ್ಟ್ಯಾಂಡ್ ಇಡಿ. ಕೆಂಪು ಕಲ್ಲು ಇಟ್ಟು ಅಡಿಗೆ ನುಗ್ಗುವವರಿಗೆ ನನ್ನ ದೊಡ್ಡ ನಮಸ್ಕಾರ. ಆ ಕಲ್ಲು ಗೋಡೆಗೆ, ಕಾರಿಗಲ್ಲ.
ಒತ್ತಡ ಇಳಿಸಿ: ಎಂಜಿನ್ ತಣಿದ ಮೇಲೆ ಪಂಪಿನ ಫ್ಯೂಸ್ ತೆಗೆದು ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಆದ್ರೂ ಲೈನಿನಲ್ಲಿ ಪೆಟ್ರೋಲ್ ಉಳಿದಿರ್ತದೆ, ಅದನ್ನು ಮುಚ್ಚಳ ಇರುವ ಲೋಹದ ಕ್ಯಾನಿನಲ್ಲಿ ಹಿಡಿಯಿರಿ. ನೀರಿನ ಬಾಟಲಿಗೆ ಬೇಡ, ತೋಡಿಗೆ ಚೆಲ್ಲಬೇಡಿ, ಅದು ಯಾರದ್ದೋ ಬಾವಿಗೆ ಹೋಗ್ತದೆ.
ಕತ್ತರಿಸ್ಲಿಕ್ಕೆ: ಗ್ರೈಂಡರ್ ಮುಟ್ಟಬೇಡಿ, ಅದು ಕಿಡಿಯ ಮಳೆ. ಕೈಯಲ್ಲಿ ತಿರುಗಿಸುವ ಪೈಪ್ ಕಟರ್ ಸಾಕು.
ಹೊಸ ಲೈನ್: ಹಳೆಯದ್ದನ್ನು ಬಗ್ಗದ ಹಾಗೆ ತೆಗೆದು ಸ್ಯಾಂಪಲ್ ಆಗಿ ಸ್ಪೇರ್ ಅಂಗಡಿಗೆ ಒಯ್ಯಿರಿ. ನಿಮ್ಮ ಮಾಡೆಲಿನದ್ದೇ ರೆಡಿ ಲೈನ್ ಸಿಕ್ಕಿದ್ರೆ ಅದೇ ಒಳ್ಳೆಯದು. ಸಿಗದಿದ್ರೆ ಅದೇ ದಪ್ಪದ ತಾಮ್ರ-ನಿಕಲ್ ಮಿಶ್ರಲೋಹದ ಪೈಪ್ ತಂದು, ತುದಿಗಳನ್ನು ಹಳೆಯದ್ದರ ಹಾಗೇ ಮಾಡಿಸಿ.
ಕೊನೆಯ ಹೋಸ್: ಎರಡು ತುದಿಯಲ್ಲಿ ಕಂಪನಿಯೇ ರಬ್ಬರ್ ಹೋಸ್ ಕೊಟ್ಟಿದ್ರೆ ಅದನ್ನೂ ಬದಲಾಯಿಸಿ. ಎಂಪಿಎಫ್‌ಐಗೆ ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಬರೆದಿರಬೇಕು. ಆರ್7 ಕಾರ್ಬುರೇಟರಿಗೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್, ಹಾಗಾಗಿ ಎಥನಾಲಿಗೆ ಆಗ್ತದಾ ಅಂತಲೂ ಕೇಳಿ.
ಪರೀಕ್ಷೆ: ಬ್ಯಾಟರಿ, ಫ್ಯೂಸ್ ವಾಪಸ್ ಹಾಕಿ. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್-ಆಫ್ ಎರಡು ಮೂರು ಸಲ. ಪ್ರತಿ ಜಾಯಿಂಟಿಗೆ ಟಿಶ್ಯೂ ಒತ್ತಿ ನೋಡಿ. ಮರುದಿನ ಇನ್ನೊಮ್ಮೆ.
ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಬಕೆಟ್ ನೀರು ಪ್ರಯೋಜನ ಇಲ್ಲ, ಪೆಟ್ರೋಲ್ ನೀರಿನ ಮೇಲೆ ತೇಲ್ತಾ ಉರೀತದೆ.

ಇದರಲ್ಲಿ ಒಂದಕ್ಕೂ "ಪರವಾಗಿಲ್ಲ ಬಿಡು" ಅನಿಸಿದ್ರೆ ಈ ಕೆಲಸ ನಿಮ್ಮದಲ್ಲ. ಅದರಲ್ಲಿ ಅವಮಾನ ಎಂತದ್ದೂ ಇಲ್ಲ.

6/7
"ಅಷ್ಟೆಲ್ಲ ಯಾಕೆ, ಮೆಕ್ಯಾನಿಕ್ ಹತ್ರ ಕೊಟ್ರೆ ಆಯ್ತಲ್ಲ" ಅನ್ನುವವರಿಗೂ ಒಂದು ಮಾತು. ಕೊಡಿ. ಆದ್ರೆ ಕೊಟ್ಟು ಚಾ ಕುಡೀಲಿಕ್ಕೆ ಹೋಗ್ಬೇಡಿ. ಅವರೂ ಅದೇ ರಬ್ಬರ್ ತುಂಡು ಸಿಕ್ಕಿಸಿ ಬಿಲ್ ಕೊಟ್ರೆ ನಿಮಗೆ ಗೊತ್ತಾಗುವುದು ಹೇಗೆ? "ಅಣ್ಣ, ಪೂರ್ತಿ ಲೈನ್ ಹಾಕ್ತೀರಾ? ಯಾವ ಹೋಸ್? ಹಳೆ ಪೈಪ್ ನನಗೆ ಕೊಡಿ" ಅಂತ ಮರ್ಯಾದೆಯಲ್ಲೇ ಕೇಳಿ. ಒಳ್ಳೆ ಮೆಕ್ಯಾನಿಕ್ ಬೇಜಾರು ಮಾಡ್ಕೊಳ್ಳುವುದಿಲ್ಲ.

ತೇಪೆ ಹಾಕಿ ಕಾರನ್ನು ಮಾರುವ ಬುದ್ಧಿವಂತರೂ ಇದ್ದಾರೆ. ನಾವು ಬಿಕಾಂನಲ್ಲಿ ಓದ್ತೇವಲ್ಲ, ಹೊಣೆಯನ್ನು ಪುಸ್ತಕದಲ್ಲಿ ತೋರಿಸದೆ ಅಡಗಿಸಿದ್ರೆ ಅದಕ್ಕೆ ಏನಂತಾರೆ? ಇದೂ ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ನಷ್ಟ ಆಗುವುದು ದುಡ್ಡಿನಲ್ಲಿ ಮಾತ್ರ ಅಲ್ಲ.

7/7
ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹದಿನೈದು, ಇಪ್ಪತ್ತು ವರ್ಷದ ಕಾರೇ ಏಕೈಕ ಕಾರು. ಹೊಸತು ತಗೊಳ್ಳಿ ಅಂತ ಹೇಳುವುದು ಸುಲಭ, ಕಂತು ಕಟ್ಟುವವರು ಯಾರು? 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣದ ಫೀಸು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಕಾಗದಕ್ಕೆ ಅಷ್ಟು ಕೊಟ್ಟು ಕಾರು ಉಳಿಸಿಕೊಳ್ಳುವವರು ಪೈಪಿಗೆ ಬಂದಾಗ ನೂರು ರೂಪಾಯಿ ಉಪಾಯ ಹುಡುಕುವುದು ಯಾವ ಲೆಕ್ಕ?

ಆ ಲೈನ್ ಹೋಗುವುದು ಹಿಂದಿನ ಸೀಟಿನಲ್ಲಿ ಕೂತ ಅಮ್ಮ, ಅಜ್ಜಿ, ತಂಗಿಯ ಕಾಲಿನ ಅಡಿಯಲ್ಲಿ. ಕಾರು ಹಳತಾದ್ರೆ ತೊಂದರೆ ಇಲ್ಲ, ಲೈನ್ ಮಾತ್ರ ಹೊಸತಿರಲಿ.

ಈ ಮಳೆಗಾಲ ಮುಗಿದ ಮೇಲೆ ಒಮ್ಮೆ ಟಾರ್ಚ್ ಹಿಡಿದು ಕಾರಿನ ಅಡಿ ನೋಡಿ. ಪ್ರತಿ ಕ್ಲಿಪ್ಪಿನ ಸಂದಿ ನೋಡಿ. ಪೆಟ್ರೋಲ್ ವಾಸನೆ ಬಂದ್ರೆ ಅವತ್ತೇ ಕಾರು ನಿಲ್ಲಿಸಿ. ಸೇವ್ ಮಾಡಿಟ್ಕೊಳ್ಳಿ, ಆ ರೀಲ್ ಕಳಿಸಿದ ಫ್ರೆಂಡಿಗೆ ಇದನ್ನೂ ಕಳಿಸಿ.